ಇಬ್ಬರ ಗಾಡಿಯಲ್ಲಿ ಗೋಮಾಂತಕಕ್ಕೆ

ಪ್ರವಾಸವೆಂಬದು ನಮ್ಮ ಸಂಸಾರಗಳಲ್ಲಿ ಬಹುಮಟ್ಟಿಗೆ ಕೆಲಸದ ಇನ್ನೊಂದು ಹೆಸರು. ಮದುವೆ, ಮುಂಜಿವೆ, ಹೆರಿಗೆ, ಔಷಧೋಪಚಾರ, ಶ್ರಾದ್ಧ, ಇವುಗಳಲ್ಲೊಂದು ಕರೆದ ಹೊರತು ಗೃಹಸ್ಥನು ಮನೆಗೆ ಕೀಲಿ ಹಾಕಿ ಊರ ಹೊರಗೆ ಕಾಲಿಡುವದು ಅಪರೂಪ. ದೇವರ ದರ್ಶನಕ್ಕೆಂದು ಹೊರಟರೂ ಹರಕೆಯೊಂದು ಬೆನ್ನಿಗೆ ಇದ್ದೇ ಇರುತ್ತದೆ. ಧಾರವಾಡದಲ್ಲಿ ಮೂವತ್ತೇಳು ವರ್ಷ ಸಂಸಾರ ನಡೆಸಿದ ನಾವೂ ಈ ನಿಯಮಕ್ಕೆ ಹೊರತಾಗಿರಲಿಲ್ಲ. ಗಂಡಹೆಂಡಿರಿಬ್ಬರೂ ಶಾಲೆಯಲ್ಲಿ ಪಾಠ ಹೇಳಿದವರು. ಬೇಸಿಗೆಯ ಸೂಟಿಗಳೆಲ್ಲ ಬಂಧುಬಳಗದ ಕಾರ್ಯಗಳಿಗೇ ಮೀಸಲಾಗಿದ್ದವು. ಬಾಡಿಗೆಯ ಗಾಡಿಯಲ್ಲಿ ಎಂಟು ಜನ, ಮಡಿಲಲ್ಲಿ ಎರಡು ಕೂಸು, ಕಾಲಡಿಯಲ್ಲಿ ಉಂಡಿಯ ಡಬ್ಬಿ: ನಾವು ಕಂಡ ಲೋಕವನ್ನೆಲ್ಲ ಹೀಗೆಯೇ ಕಂಡದ್ದು. ಇಬ್ಬರೇ, ಯಾವ ಕೆಲಸವೂ ಇಲ್ಲದೆ, ಹೋಗಬೇಕೆಂಬ ಒಂದೇ ಕಾರಣಕ್ಕೆ ಹೋದ ದಾರಿ ನಮ್ಮ ಆಯುಷ್ಯದಲ್ಲಿ ಒಂದೂ ಇರಲಿಲ್ಲ. ಅಂಥದೊಂದು ದಾರಿಯ ವೃತ್ತಾಂತವನ್ನೂ, ಅದಕ್ಕಾಗಿ ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಗಾಡಿಯೊಂದರ ವೃತ್ತಾಂತವನ್ನೂ ವಾಚಕರ ಮುಂದಿಡಲು ಬಯಸುತ್ತೇವೆ.

ಬಯಕೆ ಹುಟ್ಟಿದ್ದು ಮಾತ್ರ ಹುಬ್ಬಳ್ಳಿಯಲ್ಲಲ್ಲ, ಇಂಗ್ಲಂಡದಲ್ಲಿ. ೨೦೨೩ನೆಯ ಇಸವಿಯ ಬೇಸಿಗೆಯಲ್ಲಿ ಯಾರ್ಕ್‌ಶಾಯರ ಪ್ರಾಂತದ ಲೀಡ್ಸ್ ಪಟ್ಟಣದಲ್ಲಿರುವ ಮಗನ ಮನೆಗೆ ನಾವು ಹೋಗಿದ್ದೆವು. ಅವನು ಅದೇ ಆಗ ಮಾಜ್ದಾ ಎಮ್‌ಎಕ್ಸ್-೫ ಎಂಬ ಹಳೆಯ ಕಾರೊಂದನ್ನು ಕೊಂಡಿದ್ದನು. ೧೯೮೯ರಲ್ಲಿ ಜಪಾನಿನವರು ಮೊದಲು ತೋರಿಸಿದ ಈ ಜಾತಿಯ ಕಾರಿಗೆ ಎರಡೇ ಆಸನ. ಮಾಳಿಗೆಯನ್ನು ಕೈಯಿಂದ ಹಿಂದಕ್ಕೆ ಮಡಿಚಿದರೆ ತಲೆಯ ಮೇಲೆ ಆಕಾಶ. ೨೦೧೬ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿ ಹೋಗಿದ್ದುದರಿಂದ ಬಳಸಿದ ಕಾರುಗಳು ಅಲ್ಲಿ ಸಾಮಾನ್ಯ ಸಂಬಳದವನಿಗೂ ಎಟುಕುತ್ತವೆ. ಅಲ್ಲಿನ ಪದ್ಧತಿಯೊಂದು ನಮ್ಮ ಮನಸ್ಸಿಗೆ ಬಂದಿತು. ಮೂರು ವರ್ಷ ತುಂಬಿದ ಪ್ರತಿಯೊಂದು ಕಾರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಬೇಕು. ಯಾವ ವರ್ಷ ಯಾವ ದೋಷ ಕಂಡಿತು, ಎಷ್ಟು ಮೈಲು ಓಡಿತ್ತು ಎಂಬದನ್ನು ಗಾಡಿಯ ಸಂಖ್ಯೆ ಬಲ್ಲ ಯಾರೇ ಆಗಲಿ ಕಾಸಿಲ್ಲದೆ ನೋಡಬಹುದು. ಮಗನು ಆ ಪಟ್ಟಿಯನ್ನು ಓದಿ, ಬಾಗಿಲಡಿಯ ತಗಡನ್ನು ತುಕ್ಕಿಗಾಗಿ ಬೆರಳಿನಿಂದ ತಟ್ಟಿ, ಮಾಳಿಗೆಯ ನೀರು ಹರಿದುಹೋಗುವ ಸಣ್ಣ ತೂತುಗಳಲ್ಲಿ ಎಲೆ ಸಿಕ್ಕಿದೆಯೇ ಎಂದು ಇಣುಕಿ, ಬಳಿಕವೇ ಹಣ ಕೊಟ್ಟಿದ್ದನಂತೆ.

ಕಲ್ಲುಗೋಡೆಗಳ ನಡುವಿನ ಹಸುರು ದಿಬ್ಬಗಳಲ್ಲಿ ಅವನು ಒಂದು ದಿನ ತಾಯಿಯನ್ನು ಸುತ್ತಿಸಿ ತಂದನು, ಮರುದಿನ ನಮ್ಮನ್ನು. ಮೂವರು ಕೂಡುವ ಹಾಗಿರಲಿಲ್ಲ. ಒಬ್ಬರು ಹೋದಾಗ ಇನ್ನೊಬ್ಬರು ಕಿಟಕಿಯಲ್ಲಿ ನಿಂತು ಕಾಯುವದು. ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಅಂದರು: “ಮಗನ ಗಾಡಿಯೊಳಗ ನಿಮ್ಮ ಪಾಳಿ ಬ್ಯಾರೆ, ನನ್ನ ಪಾಳಿ ಬ್ಯಾರೆ. ಇಬ್ಬರ ಗಾಡಿಯೊಳಗ ನಾವಿಬ್ಬರೂ ಕೂಡೇ ಕೂಡೂದು ಯಾವಾಗರೀ?” ಚೇಷ್ಟೆಯ ಮಾತೇ ಸರಿ. ಆದರೆ ಅದು ನಮ್ಮನ್ನು ವಿಮಾನದುದ್ದಕ್ಕೂ ಬಿಡಲಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ವಿಚಾರಣೆ ನಡೆಸಿದೆವು. ಪರದೇಶದಲ್ಲಿ ಬಳಸಿದ ಕಾರನ್ನು ಇಲ್ಲಿಗೆ ತರಿಸುವದು ನಮ್ಮಂಥವರ ಮಾತಲ್ಲ. ಅದು ತಯಾರಾಗಿ ೩ ವರ್ಷ ಮೀರಿರಕೂಡದು, ಮೇಲಾಗಿ ಸುಂಕವೇ ಕಾರಿನ ಬೆಲೆಯನ್ನು ದಾಟುತ್ತದೆ. ನಮ್ಮ ನಾಡಿನಲ್ಲಿಯೇ ೧೯೯೦ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಕಂಪನಿಯವರು ‘ಸ್ಟಾರ್ಮ್’ ಎಂಬ ಎರಡಾಸನದ ತೆರೆದ ಕಾರನ್ನು ಹೊರತಂದಿದ್ದರು. ಅದಕ್ಕೆ ಫ್ರಾನ್ಸಿನ ರೆನೋ ಎಂಜಿನ್ನು, ತಗಡಿನ ಬದಲು ಹಗುರಾದ ನಾರಿನ ಮೈ. ಆದರೆ ಅವು ಕೆಲವೇ; ಈಗ ಹವ್ಯಾಸಿಗಳ ಕೊಟ್ಟಿಗೆಗಳಲ್ಲಿ ಕಾಣುವ ವಸ್ತು. ಹೀಗಾಗಿ ನಮ್ಮ ಭಾಗದ ತೆರೆದ ಗಾಡಿಯೆಂದರೆ ಕೊನೆಗೂ ಜೀಪೇ. ಎರಡನೆಯ ಮಹಾಯುದ್ಧಕ್ಕಾಗಿ ಅಮೇರಿಕೆಯಲ್ಲಿ ಹುಟ್ಟಿದ ಈ ಗಾಡಿಯನ್ನು ೧೯೪೭ರಿಂದ ಮುಂಬಯಿಯಲ್ಲಿ ಮಹೀಂದ್ರರು ಜೋಡಿಸತೊಡಗಿದರು. ಅಲ್ಲಿಂದ ಮುಂದೆ ಕಾಡಿನ ಅಧಿಕಾರಿ, ಗುತ್ತಿಗೆದಾರ, ಮಲೆನಾಡಿನ ಅಡಕೆ ತೋಟದವ, ಬಯಲುಸೀಮೆಯ ಗೌಡ ಎಲ್ಲರೂ ಇದನ್ನೇ ಏರಿದರು. ವಿಹಾರಕ್ಕೆಂದು ಮಾಡಿದ್ದಲ್ಲವಾದರೂ, ಕ್ಯಾನ್ವಾಸನ್ನು ಬಿಚ್ಚಿ ಮುಂದಿನ ಗಾಜನ್ನು ಮಲಗಿಸಿದರೆ ಇದಕ್ಕಿಂತ ತೆರೆದ ಗಾಡಿ ಇನ್ನೊಂದಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜು ಇದೆ. ಗಣಿತದಲ್ಲಿ ಎರಡು ಸಲ ಡುಮುಕಿ ಹೊಡೆದ ಹುಡುಗನು ಈಗ ಎಂಜಿನ್ನಿನ ಸಪ್ಪಳ ಕೇಳಿ ರೋಗ ಹೇಳುವ ಮಿಸ್ತ್ರಿಯಾಗಿದ್ದಾನೆ. ೨೦೨೪ರ ನವಂಬರದಲ್ಲಿ ಅವನೇ ಸುದ್ದಿ ಕಳಿಸಿದನು: ಕಲಘಟಗಿಯ ಕಡೆಯ ಗೌಡರೊಬ್ಬರು ೧೯೯೪ರ ಮಹೀಂದ್ರ ಎಮ್‌ಎಮ್ ೫೪೦ ಜೀಪನ್ನು ಕೊಡಲಿದ್ದಾರೆ, ಡೀಸೆಲ್ ಎಂಜಿನ್ನು, ಗಿಡ್ಡ ಮೈ, ಮೊದಲಿನಿಂದಲೂ ಒಬ್ಬರದೇ ಕೈ. ಚಿಗರಿ ಬಸ್ಸನ್ನೇರಿ ನಾವಿಬ್ಬರೂ ಹುಬ್ಬಳ್ಳಿಗೆ ಹೋದೆವು. ಅವಳಿ ನಗರಗಳ ನಡುವೆ ೨೦೧೮ರಿಂದ ತಮ್ಮದೇ ಪ್ರತ್ಯೇಕ ದಾರಿಯಲ್ಲಿ ಓಡುವ ಈ ಬಸ್ಸುಗಳಿರುವಾಗ ಧಾರವಾಡದವನಿಗೆ ಸ್ವಂತ ಗಾಡಿಯ ಅವಶ್ಯಕತೆಯೇ ಇಲ್ಲವೆಂದು ದಾರಿಯಲ್ಲಿ ನಾವೇ ಆಡಿಕೊಂಡು ನಕ್ಕೆವು. ಅವಶ್ಯಕತೆಗಾಗಿ ಕೊಳ್ಳುತ್ತಿರಲಿಲ್ಲವಲ್ಲ!

ಹಳೆಯ ಗಾಡಿಯನ್ನು ನೋಡುವ ಬಗೆಯನ್ನು ಅಂದು ಶಿಷ್ಯನು ಗುರುವಿಗೆ ಕಲಿಸಿದನು. ಮನೆಮಂದಿಗೆ ಉಪಯೋಗವಾಗಬಹುದೆಂದು ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

“ಸರ, ಮೊದಲ ಬಾನೆಟ್ಟಿನ ಮ್ಯಾಲ ಕೈ ಇಡ್ರಿ,” ಎಂದನು. “ಬೆಚ್ಚಗಿತ್ತಂದ್ರ ಮಾರಾವ್ರು ನಮಗಿಂತ ಮೊದಲ ಎದ್ದು ಇದನ್ನ ಎಬ್ಬಿಸ್ಯಾರಂತ ತಿಳೀರಿ.” ಮುಪ್ಪಾದ ಡೀಸೆಲ್ ಎಂಜಿನ್ನು ತಣ್ಣಗಿರುವಾಗ ಏಳಲು ಹಟ ಮಾಡುತ್ತದೆ, ಆದ್ದರಿಂದ ಅದರ ನಿಜವಾದ ಪರೀಕ್ಷೆ ಬೆಳಗಿನ ಮೊದಲನೆಯ ತಿರುವಿನಲ್ಲಿ. ಬಾನೆಟ್ಟು ತಣ್ಣಗಿತ್ತು, ಎಂಜಿನ್ನು ಎರಡನೆಯ ಯತ್ನಕ್ಕೆ ಎದ್ದಿತು. ಬಳಿಕ ಹೊಗೆಯ ಬಣ್ಣ. ಎದ್ದ ಕ್ಷಣದಲ್ಲಿ ಅಷ್ಟಿಷ್ಟು ಕಪ್ಪು ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬಂದರೆ ಎಣ್ಣೆ ಹೆಚ್ಚಾಗಿ ಉಣ್ಣುತ್ತಿದೆ ಅಥವಾ ಗಾಳಿ ಸಾಲದಾಗಿದೆ. ನೀಲಿ ಹೊಗೆಯೆಂದರೆ ಎಂಜಿನ್ನಿನ ಒಳಗಿನ ಸವೆತದಿಂದ ಜಿಡ್ಡೆಣ್ಣೆ ಸುಡುತ್ತಿದೆಯೆಂದು ಅರ್ಥ. ಕಾದ ಮೇಲೂ ಬಿಳಿಯ ಹೊಗೆ ತಪ್ಪದಿದ್ದರೆ ತಂಪುನೀರು ಹೋಗಬಾರದ ಕಡೆಗೆ ಹೋಗುತ್ತಿದೆಯೋ ಎಂದು ನೋಡಬೇಕು. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ತೆಗೆಸಿ, ಅದರಡಿ ಮಜ್ಜಿಗೆಯ ನೊರೆಯಂಥದು ಅಂಟಿಲ್ಲವೆಂಬದನ್ನು ತೋರಿಸಿದನು. ಎಣ್ಣೆ ನೀರುಗಳು ಕೂಡಿದರೆ ಹಾಗೆ ಆಗುವದಂತೆ.

ಎಂಜಿನ್ನಿಗಿಂತ ಹೆಚ್ಚು ಹೊತ್ತನ್ನು ಅವನು ಗಾಡಿಯ ಕೆಳಗೆ ಕಳೆದನು. ಜೀಪಿನ ಮೈಯೆಲ್ಲ ಎರಡು ಉದ್ದ ಉಕ್ಕಿನ ತೊಲೆಗಳ ಮೇಲೆ ಕುಳಿತಿರುತ್ತದೆ; ಇದಕ್ಕೆ ಚಾಸಿಯೆನ್ನುವರು. ಎಂಜಿನ್ನು ಕೆಟ್ಟರೆ ಬಿಚ್ಚಿ ಕಟ್ಟಬಹುದು. ತೊಲೆ ಲಡ್ಡಾದರೆ ಗಾಡಿಗೆ ಬೆನ್ನೆಲುಬೇ ಇಲ್ಲ. ಅವನು ಮೊಳೆಯ ಮೊನೆಯಿಂದ ಅಲ್ಲಲ್ಲಿ ಚುಚ್ಚಿ ನೋಡಿದನು. ಕಾಲಡಿಯ ರಬ್ಬರು ಹಾಸನ್ನೆತ್ತಿ ತಗಡನ್ನು ತೋರಿಸಿದನು. ಹೊಸ ಬಣ್ಣವನ್ನು ಕಂಡರೆ ಸಂತೋಷಪಡದೆ, ಅದು ಏನನ್ನು ಮುಚ್ಚಿದೆಯೆಂದು ಕೇಳಬೇಕಂತೆ. ಈ ಗಾಡಿಗೆ ಹೊಸ ಬಣ್ಣ ಬಿದ್ದಿರಲಿಲ್ಲ. ಬಲಗಡೆಯ ಕಾಲಡಿ ಮಾತ್ರ ಅಂಗೈಯಗಲ ತುಕ್ಕು ತಿಂದಿತ್ತು. ಮುಂದಿನ ಗಾಲಿಗಳನ್ನೆತ್ತಿಸಿ ಅಲ್ಲಾಡಿಸಿದನು. ಚಕ್ಕಡಿ ಬಿಗಿದು ನಾಲ್ಕೂ ಗಾಲಿಗಳಿಗೆ ಬಲ ಬರುವದೋ ಎಂದು ಮಣ್ಣಿನಲ್ಲಿ ಓಡಿಸಿದನು. ಕೊನೆಗೆ ಕೈ ಒರೆಸಿಕೊಂಡು, “ಅಕ್ಕಾರ, ಇದು ಮುದುಕ ಆಗೈತಿ, ಖರೆ, ಸುಳ್ಳ ಮಾತ್ರ ಹೇಳೂದಿಲ್ಲ,” ಎಂದು ನಮ್ಮ ಮನೆಯವರಿಗೆ ವರದಿ ಒಪ್ಪಿಸಿದನು. ಅವನ ವರ್ಗಕ್ಕೆ ಕನ್ನಡ ಕಲಿಸಿದವರು ಅವರು.

ಬೆಲೆ ೨ ಲಕ್ಷ ೭೦ ಸಾವಿರಕ್ಕೆ ನಿಂತಿತು. ಆ ದುಡ್ಡು ನಮ್ಮ ಮನೆಯ ಹಂಚು ತೆಗೆಸಿ ಜಂತಿ ಬದಲಿಸಲು ಕೂಡಿಟ್ಟದ್ದು. ಮಳೆಗಾಲಕ್ಕೊಮ್ಮೆ ನಡುಮನೆಯಲ್ಲಿ ಎರಡು ಬೋಗುಣಿ ಇಡುವ ಪರಿಪಾಠ ನಮಗುಂಟು. ಹಣ ಎಣಿಸುವ ಮುಂಚೆ ನಾವು ಅದನ್ನು ನೆನಪಿಸಿದೆವು. ಅವರು ಕ್ಷಣಕಾಲ ಸುಮ್ಮನಿದ್ದು, “ಬೋಗುಣಿ ಇನ್ನೂ ಗಟ್ಟಿ ಅದಾವು,” ಎಂದರು.

ಕಾಗದಪತ್ರಗಳ ವಿಷಯದಲ್ಲಿಯೂ ಎರಡು ಮಾತು. ಮಾರುವವನು ೨೯ನೆಯ ನಮೂನೆಯಲ್ಲಿ, ಇಬ್ಬರೂ ಕೂಡಿ ೩೦ನೆಯ ನಮೂನೆಯಲ್ಲಿ ಸಾರಿಗೆ ಕಚೇರಿಗೆ ಬರೆದುಕೊಡಬೇಕು. ಚಾಸಿಯ ಮೇಲೆ ಕೊರೆದ ಸಂಖ್ಯೆ ಪುಸ್ತಕದ ಸಂಖ್ಯೆಗೆ ತಾಳೆಯಾಗಬೇಕು. ವಿಮೆಯನ್ನು ತಡಮಾಡದೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಾಲದ ಗುರುತು ಪುಸ್ತಕದಲ್ಲಿದ್ದರೆ ಅದು ಅಳಿಯುವ ತನಕ ಕೈ ಹಾಕಬಾರದು. ಇವನ್ನು ಸ್ನೇಹದ ಭರವಸೆಯ ಮೇಲೆ ಬಿಟ್ಟವರು ಮುಂದೆ ಯಾರದೋ ಅಪಘಾತಕ್ಕೆ ಉತ್ತರ ಹೇಳಬೇಕಾದೀತು.

ಇಲ್ಲಿಯೇ ನಮಗೊಂದು ವಿಚಿತ್ರ ತೋರಿಬಂದಿತು. ಖಾಸಗಿ ಗಾಡಿಯ ನೋಂದಣಿ ಮೊದಲು ೧೫ ವರ್ಷ; ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಗೌಡರು ಕಳೆದ ತಿಂಗಳಷ್ಟೇ ಮಾಡಿಸಿದ್ದರು: ೨೦೨೯ರ ತನಕ. ವಾಹನ ನಡೆಸುವ ಪರವಾನಿಗೆಯ ನಿಯಮವೂ ಹೀಗೆಯೇ. ೫೫ ದಾಟಿದವನಿಗೆ ವೈದ್ಯರ ಪ್ರಮಾಣಪತ್ರ ನೋಡಿ ಒಂದು ಸಲಕ್ಕೆ ೫ ವರ್ಷ ಮಾತ್ರ. ಅರವತ್ತಾರು ತುಂಬಿದ ನಾವೂ ಅದೇ ವರ್ಷ ಕಣ್ಣು ತೋರಿಸಿ ಹೊಸದು ಮಾಡಿಸಿಕೊಂಡಿದ್ದೆವು: ಅದೂ ೨೦೨೯ರ ತನಕ. ಎಡಗಣ್ಣಿನಲ್ಲಿ ಪೊರೆ ಕಟ್ಟತೊಡಗಿದೆ, ಮುಂದಿನ ಸಲ ಶಸ್ತ್ರಕ್ರಿಯೆಯಾಗದೆ ಸಹಿ ಹಾಕುವದಿಲ್ಲವೆಂದು ವೈದ್ಯರು ಎಚ್ಚರಿಸಿದ್ದರು. ಸರಕಾರವು ಗಾಡಿಗೂ ಸಾರಥಿಗೂ ಒಂದೇ ಅಳತೆಯಿಂದ ಆಯುಷ್ಯ ಅಳೆದು ಕೊಟ್ಟಿತ್ತು. ಎರಡು ಕಾಗದಗಳನ್ನೂ ಮೇಜಿನ ಮೇಲೆ ಜೊತೆಗಿಟ್ಟು ನಾವಿಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ನಗೆಯೂ ಬಂದಿತು, ಬೇರೆ ಏನೋ ಕೂಡ ಬಂದಿತು.

ಕೀಲಿಕೈ ಕೊಡುವ ದಿನ ಗೌಡರು ತಾವೇ ಗಾಡಿಯನ್ನು ನಡೆಸಿಕೊಂಡು ಬಂದರು. ಎತ್ತರದ ಆಳು, ಬಿಳಿಯ ಮೀಸೆ. ಲೆಕ್ಕವೆಲ್ಲ ಮುಗಿದರೂ ಸಾರಥಿಯ ಪೀಠದಿಂದ ಇಳಿಯಲಿಲ್ಲ. ಎಡಗಡೆಯ ಆಸನದ ಹರಿದ ಹೊದಿಕೆಯನ್ನು ಅಂಗೈಯಿಂದ ಸವರಿ, “ಇದೊಂದನ್ನ ಬದಲ ಮಾಡಬ್ಯಾಡ್ರಿ ಮಾಸ್ತರ. ನಮ್ಮಾಕಿ ಹೊಲಕ್ಕ ಬುತ್ತಿ ತರತಿದ್ಲು, ಇಲ್ಲೇ ಕೂಡತಿದ್ಲು. ಹೋಗಿ ನಾಕ ವರ್ಷಾತು,” ಎಂದರು. ಬದಲು ಮಾಡುವದಿಲ್ಲವೆಂದು ನಾವು ಮಾತು ಕೊಟ್ಟೆವು.

ಗಾಡಿಯನ್ನು ಧಾರವಾಡಕ್ಕೆ ತರುವಾಗ ಹೊರದಾರಿಯನ್ನು ಬಿಟ್ಟು ಊರೊಳಗಿನ ದಾರಿಯನ್ನೇ ಹಿಡಿದೆವು. ಹುಬ್ಬಳ್ಳಿ-ಧಾರವಾಡಗಳ ಹೊರದಾರಿಯು ಬಹುಕಾಲ ಇಕ್ಕಟ್ಟಾಗಿದ್ದು ಅನೇಕರನ್ನು ಬಲಿ ತೆಗೆದುಕೊಂಡಿದೆ. ೨೦೨೧ರ ಜನವರಿಯಲ್ಲಿ ಗೋವೆಗೆ ವಿಹಾರಕ್ಕೆಂದು ಹೊರಟಿದ್ದ ದಾವಣಗೆರೆಯ ಗೆಳತಿಯರು ಇಟಿಗಟ್ಟಿಯ ಹತ್ತಿರ ಅಲ್ಲಿಯೇ ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಸಂತೋಷಕ್ಕೆ ಹೊರಡುವವರು ಅವಸರವನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕು. ಹಳೆಯ ಜೀಪಿನಲ್ಲಿ ಹೊಸ ಕಾರಿನ ರಕ್ಷಣೆಗಳೊಂದೂ ಇರುವದಿಲ್ಲ; ಆದ್ದರಿಂದ ಮೊದಲನೆಯ ಖರ್ಚೆಂದು ಎರಡೂ ಆಸನಗಳಿಗೆ ಗಟ್ಟಿಯಾದ ನಡುಪಟ್ಟಿಗಳನ್ನು ಹಾಕಿಸಿದೆವು; ಎರಡನೆಯದಾಗಿ ಕಾಲಡಿಯ ತುಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆಯಿಸಿದೆವು. ಗಂಟೆಗೆ ೫೦ ಕಿಲೋಮೀಟರಿಗೆ ಮೇಲೆ ಹೋಗಕೂಡದೆಂದು ನಮ್ಮಲ್ಲಿ ಒಪ್ಪಂದವಾಯಿತು.

ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಬಾಕುಗಳಿದ್ದವು. ಸುದ್ದಿ ಹಬ್ಬಿದ ಎರಡನೆಯ ದಿನವೇ ಬಳಗದವರು ಬಂದು ಅವುಗಳ ಮೇಲೆ ಕಣ್ಣಿಟ್ಟರು. “ಕಾಕಾ, ಗೋವಾಕ್ಕ ಹೊಂಟೀರೇನು? ನಾವೂ ಮೂರ ಮಂದಿ ಹಿಂದ ಕೂಡತೀವಿ,” ಎಂದು ತಮ್ಮನ ಮಗ. “ವೈನಿ, ಮಾರುತಿ ಗುಡಿಗೆ ಒಮ್ಮೆ ಒಯ್ಯರಿ,” ಎಂದು ನೆರೆಮನೆಯವರು. ಮೂವತ್ತೇಳು ವರ್ಷ ಯಾರಿಗೂ ಇಲ್ಲವೆನ್ನದವರು ನಮ್ಮ ಮನೆಯವರು. ಅಂದು ಸಂಜೆ ಅವರು ಬಾವಿಯ ಹಗ್ಗದ ತುಂಡೊಂದನ್ನು ತಂದು, ಬಾಕುಗಳನ್ನು ಮೇಲಕ್ಕೆ ಮಡಿಚಿ ಬಿಗಿಯಾಗಿ ಕಟ್ಟಿದರು. ಕೇಳಿದವರಿಗೆಲ್ಲ ಉತ್ತರ ಒಂದೇ: “ಇದು ಇಬ್ಬರ ಗಾಡಿ.” ಅವರು ಹೀಗೆ ಹೇಳುವದನ್ನು ನಾವು ಮೊದಲ ಸಲ ಕೇಳಿದ್ದು. ತಮ್ಮನ ಮಗ ಎಂಟು ದಿನ ಮುನಿಸಿಕೊಂಡನು.

ಇನ್ನು ಎಲ್ಲಿಗೆ? ನಮ್ಮ ತಂದೆಯವರು ೧೯೫೦ರ ಸುಮಾರಿಗೆ ಧಾರವಾಡದಿಂದ ರೈಲಿನಲ್ಲಿ ಗೋವೆಗೆ ಹೋಗಿ ಬಂದಿದ್ದರು. ಸಾಯುವ ತನಕವೂ ಅದನ್ನು ಅವರು ‘ಪರದೇಶಕ್ಕೆ ಹೋಗಿದ್ದು’ ಎಂದೇ ಹೇಳುತ್ತಿದ್ದರು. ಸುಳ್ಳಲ್ಲ. ೧೫೧೦ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದಂದಿನಿಂದ ಅಲ್ಲಿ ಪೋರ್ತುಗೀಜರ ಬಾವುಟ ಹಾರುತ್ತಿತ್ತು. ೧೮೮೦ರ ದಶಕದಲ್ಲಿ ಮುರಗಾಂವ ಬಂದರಕ್ಕೆ ರೈಲು ಕೂಡಿದಾಗ ಘಟ್ಟದ ತುದಿಯ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣವಾಯಿತು. ಅಲ್ಲಿ ಇಳಿಸಿ ಈ ಸರಕಾರದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಘಟ್ಟದ ಕೆಳಗೆ ಕೊಲೆಮ್ಮಿನಲ್ಲಿ ಆ ಸರಕಾರದವರು. ತಂದೆಯವರು ಅಲ್ಲಿ ಕೊಂಡ ಪರದೇಶೀ ಪೆನ್ನಿಗೆ ತಿರುಗಿ ಬರುವಾಗ ಜಕಾತಿ ತೆತ್ತಿದ್ದರಂತೆ. ೧೯೫೫ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ತರುವಾಯ ಗಡಿಯೇ ಮುಚ್ಚಿತು. ಮುಂದೆ ೧೯೬೧ರ ಡಿಸೆಂಬರ ೧೯ರಂದು ಗೋವೆ ಭಾರತಕ್ಕೆ ಕೂಡಿತು. ಲೀಡ್ಸಿನ ದಾರಿಯಲ್ಲಿ ಮಗನ ಪಕ್ಕದಲ್ಲಿ ಕುಳಿತಾಗ ನಮಗೆ ತಂದೆಯವರ ಆ ಪರದೇಶವೇ ನೆನಪಾಗಿತ್ತು. ಅಲ್ಲಿಗೇ ಹೋಗುವದೆಂದು ನಿಶ್ಚಯಿಸಿದೆವು. ಆದರೆ ಸಮುದ್ರದಂಡೆಯ ಗದ್ದಲಕ್ಕಲ್ಲ, ಘಟ್ಟದ ಬುಡದಲ್ಲಿರುವ ತಾಂಬಡಿ ಸುರ್ಲದ ಮಹಾದೇವನ ಗುಡಿಗೆ.

ಮಾರ್ಗಶಿರದ ಚಳಿಯಲ್ಲಿ ಬೆಳಗಿನ ಏಳಕ್ಕೆ ಹೊರಟೆವು. ಕ್ಯಾನ್ವಾಸು ಬಿಚ್ಚಿತ್ತು. ತಲೆಗೆ ಉಣ್ಣೆಯ ಮಫ್ಲರು, ಮಡಿಲಲ್ಲಿ ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಗಂಟು. ಧಾರವಾಡದ ಪಶ್ಚಿಮಕ್ಕೆ ನಾಲ್ಕು ಮೈಲು ಹೋದರೆ ಸಾಕು, ನೆಲವು ತನ್ನ ಬಣ್ಣ ಬದಲಿಸುತ್ತದೆ. ಮೂಡಣದ ಎರೆಯ ಹೊಲ ಹಿಂದಾಗಿ ಕೆಂಪು ಮಣ್ಣು, ಮಾವಿನ ತೋಪು, ಕೊಯ್ದ ಭತ್ತದ ಗದ್ದೆ ಮುಂದಾಗುತ್ತವೆ. ಮುಚ್ಚಿದ ಕಾರಿನಲ್ಲಿ ಈ ಬದಲನ್ನು ಕಣ್ಣು ಮಾತ್ರ ಕಾಣುತ್ತದೆ. ತೆರೆದ ಗಾಡಿಯಲ್ಲಿ ಮೂಗು ಮೊದಲು ಹೇಳುತ್ತದೆ. ಒಣಹುಲ್ಲಿನ ವಾಸನೆ ಹೋಗಿ ಹಸಿ ಎಲೆಯ ವಾಸನೆ ಬಂದಿತು. ತಗ್ಗಿಗಿಳಿದಾಗ ಚಳಿ ಮೊಣಕಾಲು ಹಿಡಿಯಿತು. ದಿಣ್ಣೆಯೇರಿದಾಗ ಬಿಸಿಲು ಭುಜದ ಮೇಲೆ ಕೈಯಿಟ್ಟಿತು. ಎಂಜಿನ್ನಿನ ಸಪ್ಪಳದಲ್ಲಿ ಮಾತು ಕೇಳುವಂತಿರಲಿಲ್ಲ. ಅವರು ಬೆರಳು ತೋರಿಸುವರು, ನಾವು ತಲೆಯಾಡಿಸುವೆವು. ಇಷ್ಟರಿಂದಲೇ ಅಳ್ನಾವರದ ತನಕ ಸಂಭಾಷಣೆ ನಡೆಯಿತು.

ಅಳ್ನಾವರದಲ್ಲಿ ಚಹಾ ಕುಡಿದು ಕಾಡು ಹೊಕ್ಕೆವು. ಸಾಗವಾನಿ, ಮತ್ತಿ, ಬಿದಿರುಗಳ ನಡುವೆ ದಾರಿ. ರಾಮನಗರದ ಮುಂದೆ ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಸೇರಿ, ತಿನೈಘಾಟವನ್ನು 
ದಾಟಿ, ಹನ್ನೊಂದರ ಸುಮಾರಿಗೆ ಅನಮೋಡಕ್ಕೆ ಬಂದೆವು. ಕರ್ನಾಟಕ ಅಲ್ಲಿಗೆ ಮುಗಿಯುತ್ತದೆ. ನಾವು ಗಾಡಿ ನಿಲ್ಲಿಸಿ ಇಳಿದು ನೋಡಿದೆವು. ತಂದೆಯವರ ಪೆಟ್ಟಿಗೆ ಬಿಚ್ಚಿಸಿದಂಥ ಗಡಿ ಯಾವುದೂ ಇಲ್ಲ. ಎರಡು ರಾಜ್ಯಗಳ ಫಲಕಗಳು ಮತ್ತು ಸೆರೆಯ ಸೀಸೆಗಳನ್ನು ನೋಡುವ ಅಬಕಾರಿ ನಾಕೆ ಅಷ್ಟೇ. ಒಂದು ಮಂಗ ಆ ರಾಜ್ಯದಿಂದ ಈ ರಾಜ್ಯಕ್ಕೆ ಹಾರಿ ಬಂದು ನಮ್ಮ ಗಂಟನ್ನು ದಿಟ್ಟಿಸಿತು.

ಘಟ್ಟವಿಳಿಯುವಾಗ ಮಿಸ್ತ್ರಿಯ ಪಾಠವನ್ನು ನೆನೆದೆವು: ಏರುವಾಗ ಯಾವ ಗೇರು ಬೇಕಾಗುವದೋ ಇಳಿಯುವಾಗಲೂ ಅದೇ ಗೇರು. ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತ ಬಿಡುತ್ತದೆ. ಎಂಜಿನ್ನಿನ ತಡೆಯಿಂದಲೇ ಗಾಡಿಯನ್ನು ಹಿಡಿಯಬೇಕು. ಎರಡನೆಯ ಗೇರಿನಲ್ಲಿ ಗುರುಗುಟ್ಟುತ್ತ ಜೀಪು ಒಂದೊಂದೇ ತಿರುವನ್ನು ಇಳಿಯಿತು. ಹಿಂದೆ ಬಂದವರಿಗೆಲ್ಲ ಕೈಬೀಸಿ ದಾರಿ ಕೊಟ್ಟೆವು. ತೆರೆದ ಗಾಡಿಯಲ್ಲಿ ಘಟ್ಟದ ಮರಗಳ ತುದಿಯನ್ನು ನೋಡಲು ಕುತ್ತಿಗೆ ಬಗ್ಗಿಸಬೇಕಾಗಿಲ್ಲ. ಅವು ತಾವೇ ನೆತ್ತಿಯ ಮೇಲೆ ಸರಿದುಹೋಗುತ್ತವೆ. ಅವುಗಳ ನಡುವಿನ ಬಿಸಿಲಿನ ತುಣುಕುಗಳು ನಮ್ಮ ಮನೆಯವರ ಮಡಿಲಲ್ಲಿ ಬೀಳುತ್ತ ಏಳುತ್ತ ಇದ್ದವು. ತಿರುವಿನಲ್ಲಿ ಎಡಗಣ್ಣಿಗೆ ಬಿಸಿಲು ಹೊಡೆದಾಗ ಎದುರಿನದು ಮಸುಕಾಗುವದನ್ನು ನಾವು ಹೇಳಲಿಲ್ಲ. ಆದರೂ ಅವರಿಗೆ ತಿಳಿದಿತ್ತು. ಎಡಗಡೆಯ ತಿರುವು ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡಿ, “ಹೂಂ, ಹೋಗ್ರಿ,” ಎನ್ನುತ್ತಿದ್ದರು. ಬುಡಕ್ಕೆ ಬರುವ ತನಕ ಹಾಗೆಯೇ ಅಂದರು.

ಮೊಲೆಮ್ಮಿನಲ್ಲಿ ಕಚೇರಿಯ ಮುಂದೆ ಬಾವುಟ ಹಾರುತ್ತಿತ್ತು. ಏನೆಂದು ಕೇಳಿದಾಗ ಚಹಾದಂಗಡಿಯ ಹುಡುಗನು ಇಂದು ಗೋವೆಯ ವಿಮೋಚನೆಯ ದಿನವೆಂದನು. ತಾರೀಖು ಡಿಸೆಂಬರ ೧೯. ಹೊರಡುವ ದಿನವನ್ನು ಗೊತ್ತುಮಾಡುವಾಗ ನಾವು ಮಳೆ ಚಳಿಗಳನ್ನಷ್ಟೇ ಎಣಿಸಿದ್ದೆವು. ತಂದೆಯವರಿದ್ದರೆ ಎಷ್ಟು ನಗುತ್ತಿದ್ದರೋ!

ಹೆದ್ದಾರಿಯನ್ನು ಬಿಟ್ಟು ಒಳದಾರಿಯಿಂದ ಕಾಡಿನ ಕೊನೆಗೆ ಹೋದರೆ ಮಹಾದೇವನ ಗುಡಿ. ಚಿಕ್ಕದು, ಗೋವೆಯ ಕದಂಬರ ಕಾಲದ, ೧೨-೧೩ನೆಯ ಶತಮಾನದ ಕಟ್ಟಡ. ಪೂರ್ವಕ್ಕೆ ಮುಖ, ಪಕ್ಕದಲ್ಲಿ ತಿಳಿನೀರಿನ ಹೊಳೆ, ಮಂಟಪದ ನಡುವೆ ತಲೆಯಿಲ್ಲದ ನಂದಿ, ಕಂಬವೊಂದರ ಬುಡದಲ್ಲಿ ಆನೆಯು ಕುದುರೆಯನ್ನು ತುಳಿಯುವ ಚಿತ್ರ. ಸುತ್ತಲಿನ ನೆಲವೆಲ್ಲ ಕೆಂಪು ಜಂಬಿಟ್ಟಿಗೆಯದು. ಗುಡಿ ಮಾತ್ರ ನುಣ್ಣನೆಯ ಕಪ್ಪು ಕಲ್ಲಿನದು. ಈ ಕಲ್ಲು ಈ ಭಾಗದ್ದಲ್ಲ, ಘಟ್ಟದ ಮೇಲಿನ ಬಯಲಿನಿಂದ ತಂದದ್ದೆಂದು ತಿಳಿದವರು ಹೇಳುತ್ತಾರೆ. ಕನ್ನಡದಲ್ಲಿ ಶಾಸನ ಬರೆಸಿದ ಆ ಅರಸರಿಗೆ ಘಟ್ಟದ ಮೇಲೆ ಖಾನಾಪುರದ ಹತ್ತಿರದ ಹಲಸಿ, ಕೆಳಗೆ ಗೋವೆ, ಎರಡೂ ರಾಜಧಾನಿಗಳಾಗಿದ್ದವು. ಅವರಿಗೆ ಇದು ಪರದೇಶವಾಗಿರಲಿಲ್ಲ; ನಮ್ಮ ತಂದೆಯವರಿಗೆ ಆಗಿತ್ತು; ನಮಗೆ ಮತ್ತೆ ಅಲ್ಲ. ಗಡಿಗಳು ಬಂದು ಹೋದವು. ದಟ್ಟ ಕಾಡಿನ ಮರೆಯಲ್ಲಿದ್ದುದರಿಂದ ಗುಡಿ ಉಳಿಯಿತು. ಕೈಮುಗಿದು ಹೊಳೆಯ ದಂಡೆಯಲ್ಲಿ ಗಂಟು ಬಿಚ್ಚಿದೆವು. ಬೇಡಿಕೊಂಡಿರೇನೆಂದು ಕೇಳಿದರೆ, “ಏನೂ ಇಲ್ಲ. ಬೇಡಲಿಕ್ಕೆ ಬಂದಿಲ್ಲಲ್ಲ, ಸುಮ್ನ ಬಂದೀವಿ,” ಎಂದರು. ನೀರಿನಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಅವರನ್ನು ಕರೆಯಲು ನಾವು ಒಂದು ಗಂಟೆ ತಡಮಾಡಿದೆವು.

ಮರಳುವಾಗ ಕತ್ತಲಾಗದಿರಲೆಂದು ಬೇಗನೆ ಘಟ್ಟವೇರಿದೆವು. ಅನಮೋಡದ ನಾಕೆಯಲ್ಲಿ ಆಸನದಡಿ ಇಣುಕಿದ ಅಧಿಕಾರಿಗೆ ಸಿಕ್ಕದ್ದು ಅರ್ಧ ಕಿಲೋ ಗೋಡಂಬಿ ಮತ್ತು ಒಂದು ಪೊಟ್ಟಣ ಕೋಕಂ. “ಇಷ್ಟೇ ಏನ್ರೀ ಅಜ್ಜಾರ?” ಎಂದು ನಕ್ಕು ಬಿಟ್ಟನು. ಜಕಾತಿ ತೆರದೆ ಬಂದೆವು. ದೀಪ ಹಚ್ಚುವ ಹೊತ್ತಿಗೆ ಕೆಲಗೇರಿಯ ಕೆರೆ ಕಂಡಿತು. ಎರಡೂ ಕಡೆಯಿಂದ ಸುಮಾರು ೨೪೦ ಕಿಲೋಮೀಟರು. ಮೈಕೈ ನೋವು ಮೂರು ದಿನ.

ಆ ಮೇಲಿನ ಆದಿತ್ಯವಾರ ಹೇಳದೆ ಕೇಳದೆ ಕಲಘಟಗಿಯ ಕಡೆಗೆ ಗಾಡಿ ತಿರುಗಿಸಿದೆವು. ಗೌಡರು ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಸಪ್ಪಳದಿಂದಲೇ ಗುರುತಿಸಿ ಎದ್ದು ನಿಂತರು. ಚಹಾ ಆಯಿತು, ಬೆಳೆಯ ಮಾತಾಯಿತು. ಗಾಡಿಯನ್ನು ಸುತ್ತುಹಾಕಿ ನೋಡಿ, ಕಾಲಡಿಯ ಹೊಸ ತಗಡನ್ನು ಮೆಚ್ಚಿದರು. ಎಡಗಡೆಯ ಹರಿದ ಹೊದಿಕೆ ಹಾಗೆಯೇ ಇದ್ದುದನ್ನು ಕಂಡು ಏನೂ ಅನ್ನಲಿಲ್ಲ. “ಗೌಡ್ರ, ಹೊಲದ ತನಕ ಹೋಗಿ ಬರೋಣೇನು?” ಎಂದು ನಾವು ಕೇಳಿದೆವು. ಅವರು ನಮ್ಮ ಮನೆಯವರ ಕಡೆಗೆ ನೋಡಿ, “ಇಬ್ಬರ ಗಾಡಿ ಐತಲ್ರಿ ಈಗ, ಅಕ್ಕಾರು ಎಲ್ಲಿ ಕೂಡಬೇಕು?” ಎಂದರು. ಮಿಸ್ತ್ರಿಯ ಬಾಯಿಂದ ಸುದ್ದಿ ಅಲ್ಲಿಯ ತನಕ ಹೋಗಿತ್ತು.

ನಮ್ಮ ಮನೆಯವರು ಆಗಲೇ ಹಿಂದಕ್ಕೆ ಹೋಗಿ ಬಾವಿಹಗ್ಗದ ಗಂಟನ್ನು ಬಿಚ್ಚುತ್ತಿದ್ದರು. ಬಾಕನ್ನು ಇಳಿಸಿ, ಸೆರಗನ್ನು ನಡುವಿಗೆ ಸಿಕ್ಕಿಸಿ, ಹತ್ತಿ ಕುಳಿತರು. ಗೌಡರು ಎಡಗಡೆಯ ಆಸನವನ್ನೇರಿ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಮುಂದಿನ ದಾರಿಯನ್ನು ನೋಡುತ್ತ ಕುಳಿತರು. ಜೋಳದ ತೆನೆಗಳ ನಡುವಿನ ಚಕ್ಕಡಿ ದಾರಿಯಲ್ಲಿ ಗಾಡಿ ನಿಧಾನವಾಗಿ ಹೊರಟಿತು.